ಕೇಶಸಂರಕ್ಷಣೆ: ಒಣಗಿದ ತಲೆಯನ್ನು ಕುರಿತು ಕೆಲವು ವಿಚಾರಗಳು

ಶರೀರದ ಅವಯವಗಳಲ್ಲಿ ಶಿರಸ್ಸನ್ನು ‘ಉತ್ತಮಾಂಗ’ವೆಂದು ಕರೆದು ಗೌರವಿಸಿದ ಪರಂಪರೆ ನಮ್ಮದು. ಆ ಉತ್ತಮಾಂಗಕ್ಕೆ ನಿಸರ್ಗವು ಹೊದಿಸಿದ ಹೊದಿಕೆಯೇ ಕೂದಲು. ಭಾಷೆ, ಸಾಹಿತ್ಯ, ಧರ್ಮಗಳ ಚಿಂತನೆಗೆ ಮೀಸಲಾದ ಇಂಥ ಸ್ಮರಣ ಸಂಚಿಕೆಯಲ್ಲಿ ಒಣಗೂದಲಿನ ವಿಚಾರವೇಕೆಂದು ಓದುಗ ಮಹಾಶಯರು ಕೇಳಬಹುದು. ಕಾರಣವುಂಟು. ಮುಂಜಾನೆಯ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ ಶಿಕ್ಷಕನ ಕಣ್ಣು ಮೊದಲು ಹೋಗುವುದು ಅವರ ತಲೆಯ ಮೇಲೆ. ಎಣ್ಣೆ ಕಾಣದ, ಕೆದರಿದ, ಬಣ್ಣಗೆಟ್ಟ ತಲೆಯೊಂದು ಕಂಡೊಡನೆ, “ತಲೆಗೆ ಎಣ್ಣೆ ಹಚ್ಚಿಕೊಂಡು ಬರಲು ಏನಾಗಿದೆ ನಿನಗೆ?” ಎಂಬ ಗದರಿಕೆ ನಾಲಗೆಯ ತುದಿಗೆ ಬರುತ್ತದೆ. ಆದರೆ ತಲೆ ಒಣಗುವುದಕ್ಕೆ ಮಗುವಿನ ಆಲಸ್ಯವೊಂದೇ ಕಾರಣವಲ್ಲ. ಬಾವಿಯ ನೀರು ಕಾರಣವಾಗಿರಬಹುದು, ಬಟ್ಟೆಯ ಸಾಬೂನು ಕಾರಣವಾಗಿರಬಹುದು, ಚರ್ಮದ ರೋಗವಿರಬಹುದು, ಎಲ್ಲಕ್ಕಿಂತ ಮಿಗಿಲಾಗಿ ಹಸಿವಿರಬಹುದು. ಈ ನಾಲ್ಕನ್ನು ಬೇರ್ಪಡಿಸಿ ನೋಡಲು ಕಲಿತರೆ ಮಗುವಿಗೆ ನ್ಯಾಯ ದೊರೆಯುತ್ತದೆ. ಮನೆಯಲ್ಲಿ ನಮ್ಮ ತಲೆಗೂ ಉಪಕಾರವಾಗುತ್ತದೆ. ಇದೇ ಈ ಲೇಖನದ ಉದ್ದೇಶ.

ಶಬ್ದದಲ್ಲಿ ಅಡಗಿದ ತತ್ತ್ವ

ಕನ್ನಡದಲ್ಲಿ ಕೂದಲನ್ನು ಕುರಿತ ಮಾತುಗಳು ಅಸಂಖ್ಯ. ಕುರುಳು, ಮುಡಿ, ತುರುಬು, ಹೆರಳು, ಜಡೆ, ಬೈತಲೆ ಎಂದು ಒಂದೊಂದು ಸ್ಥಿತಿಗೆ ಒಂದೊಂದು ಹೆಸರು. ಕೇಶರಾಶಿಯನ್ನೇ ವಸ್ತ್ರವಾಗಿ ಹೊದ್ದು ನಡೆದ ಅಕ್ಕಮಹಾದೇವಿಯ ಚಿತ್ರ ನಮ್ಮೆಲ್ಲರ ಮನದಲ್ಲಿ ನೆಲೆಗೊಂಡಿದೆ. ಕೂದಲಿಗೆ ಹಚ್ಚುವ ‘ಎಣ್ಣೆ’ ಎಂಬ ಶಬ್ದವನ್ನೇ ಬಿಡಿಸಿ ನೋಡಿದರೆ ‘ಎಳ್’ ಮತ್ತು ‘ನೆಯ್’ ಎಂಬ ಎರಡು ಪದಗಳು ದೊರೆಯುತ್ತವೆ. ಎಳ್ಳಿನ ಜಿಡ್ಡು ಎಂದರ್ಥ. ‘ಬೆಳ್’ ಮತ್ತು ‘ನೆಯ್’ ಕೂಡಿ ಬೆಣ್ಣೆಯಾದಂತೆ ಇದೂ ಆಯಿತು. ಸಂಸ್ಕೃತದಲ್ಲಿಯೂ ‘ತಿಲ’ದಿಂದ ಬಂದುದೇ ‘ತೈಲ’. ಮೊದಲಿಗೆ ಎಳ್ಳಿನದಷ್ಟೇ ಆಗಿದ್ದ ಹೆಸರು ಕಾಲಕ್ರಮದಲ್ಲಿ ಎಲ್ಲ ಬಗೆಯ ಎಣ್ಣೆಗೂ ಸಂದಿತು.

ಇದಕ್ಕಿಂತ ಅರ್ಥಗರ್ಭಿತವಾದ ಶಬ್ದ ‘ಸ್ನೇಹ’. ಆಯುರ್ವೇದದಲ್ಲಿ ಸ್ನೇಹವೆಂದರೆ ಜಿಡ್ಡು. ತುಪ್ಪ, ಎಣ್ಣೆ, ವಸೆ, ಮಜ್ಜೆಗಳೆಂಬ ನಾಲ್ಕೂ ಸ್ನೇಹಗಳೇ. ಲೋಕರೂಢಿಯಲ್ಲಿ ಸ್ನೇಹವೆಂದರೆ ಪ್ರೀತಿ. ಅದರ ವಿರುದ್ಧಪದ ‘ರೂಕ್ಷ’. ಒಣಗಿದ್ದು, ಒರಟಾದದ್ದು, ಮಮತೆಯಿಲ್ಲದ್ದು. ಒಣಗಿದ ತಲೆಗೆ ಎರಡೂ ಬಗೆಯ ಸ್ನೇಹ ಬೇಕೆಂಬುದು ಮುಂದಿನ ವಿವರಣೆಯಿಂದ ಸ್ಪಷ್ಟವಾಗುತ್ತದೆ.

ಕೂದಲು ಬೇರೆ, ತಲೆಯ ಚರ್ಮ ಬೇರೆ

ಮೊದಲು ತಿಳಿಯಬೇಕಾದುದು, ನಮ್ಮ ಕಣ್ಣಿಗೆ ಕಾಣುವ ಕೂದಲಿಗೆ ಜೀವವಿಲ್ಲವೆಂಬುದು. ಜೀವವಿರುವುದು ಚರ್ಮದೊಳಗಿನ ಬೇರಿನಲ್ಲಿ. ಹೊರಬಂದ ಎಳೆಯು ಕೆರಾಟಿನ್ ಎಂಬ ಗಟ್ಟಿಯಾದ ಪ್ರೋಟೀನಿನ ನೂಲು. ಉಗುರೂ ಅದೇ ಪದಾರ್ಥದ್ದೇ. ಆದಕಾರಣ ಕೂದಲಿನ ತುದಿ ಸೀಳಿದರೆ ಅದು ಗಾಯದಂತೆ ತಾನಾಗಿ ಮಾಯುವುದಿಲ್ಲ. ಸೀಳಿದುದನ್ನು ಕತ್ತರಿಸುವುದು, ಉಳಿದುದನ್ನು ಕಾಯುವುದು ಇವೆರಡೇ ನಮ್ಮ ಕೈಯಲ್ಲಿರುವ ಉಪಾಯಗಳು. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್ ಉದ್ದದ ಜಡೆಯ ತುದಿಯು ಎರಡೂವರೆ ವರ್ಷದ ಬಿಸಿಲು, ಗಾಳಿ, ನೀರು, ಹಣಿಗೆಗಳ ಪೆಟ್ಟನ್ನು ತಿಂದಿರುತ್ತದೆ. ಬುಡಕ್ಕಿಂತ ತುದಿ ಒಣಗಿರುವುದಕ್ಕೆ ಇದೇ ಕಾರಣ.

ಈ ನೂಲಿನ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮನೆಯ ಮಾಡಿಗೆ ಹೊದಿಸಿದ ಹಂಚುಗಳಂತೆ ಒಂದರ ಮೇಲೊಂದು ಚಾಚಿದ ತೆಳುವಾದ ಹಲ್ಲೆಗಳು ಕಾಣುತ್ತವೆ. ಅವು ಒತ್ತಾಗಿ ಮಲಗಿರುವವರೆಗೆ ಕೂದಲು ನುಣುಪಾಗಿ ಹೊಳೆಯುತ್ತದೆ. ಹಂಚು ಸರಿದರೆ ಮಳೆನೀರು ಮನೆಯೊಳಗೆ ಇಳಿಯುವಂತೆ, ಹಲ್ಲೆಗಳು ಮೇಲೆದ್ದರೆ ಕೂದಲಿನ ಒಳತಿರುಳು ನೀರನ್ನು ಬೇಗ ಹೀರುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಎಳೆಗೆ ಎಳೆ ಸಿಕ್ಕುಬೀಳುತ್ತದೆ. ಒಣಗೂದಲೆಂದು ನಾವು ಕರೆಯುವುದು ಈ ಸ್ಥಿತಿಯನ್ನು.

ತಲೆಯ ಚರ್ಮವಾದರೋ ಜೀವಂತವಾದುದು. ಅದರಲ್ಲಿ ಪ್ರತಿ ಕೂದಲಿನ ಬೇರಿಗೆ ಅಂಟಿಕೊಂಡು ಜಿಡ್ಡಿನ ಗ್ರಂಥಿಗಳಿವೆ. ನಿಸರ್ಗವೇ ಇಟ್ಟ ಎಣ್ಣೆಯ ಗಿಂಡಿಗಳೆನ್ನಬಹುದು. ಇವು ಚೆನ್ನಾಗಿ ಕೆಲಸಮಾಡತೊಡಗುವುದು ಹದಿಹರೆಯದಲ್ಲಿ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಈ ಜಿಡ್ಡು ತೀರ ಕಡಿಮೆ. ಆದುದರಿಂದಲೇ ಚಿಕ್ಕ ಮಕ್ಕಳ ತಲೆಗೆ ಹೊರಗಿನಿಂದ ಎಣ್ಣೆಯ ಅಗತ್ಯ ಹೆಚ್ಚು. ವೃದ್ಧಾಪ್ಯದಲ್ಲಿ ಗ್ರಂಥಿಗಳು ಮತ್ತೆ ಸೊರಗುತ್ತವೆ. ಹೀಗೆ ಮಕ್ಕಳ ತಲೆ ಮತ್ತು ಮುದುಕರ ತಲೆ ಎರಡೂ ಒಣಗುವ ಸ್ವಭಾವದವು. ನಡುವಯಸ್ಸಿನವರ ತಲೆಯನ್ನು ಅಳೆದ ಅಳತೆಗೋಲು ಇವರಿಗೆ ಸಲ್ಲದು.

ನಮ್ಮ ಸೀಮೆಯಲ್ಲಿ ತಲೆ ಒಣಗುವುದೇಕೆ?

ಹುಲಗೂರಿನ ಈ ಸೀಮೆ ಅರೆಮಲೆನಾಡಿಗೂ ಬಯಲುನಾಡಿಗೂ ನಡುವಣದು. ಪಡುವಲಿಗೆ ಹಾನಗಲ್ಲಿನ ಕಡೆ ಮಳೆ, ಹಸಿರು ಹೆಚ್ಚು. ಮೂಡಲಿಗೆ ಸವಣೂರಿನ ಕಡೆ ಸಾಗಿದಂತೆ ಬಯಲು, ಬಿಸಿಲು. ದೀಪಾವಳಿ ಕಳೆದು ಮೂಡಗಾಳಿ ಬೀಸತೊಡಗಿದರೆ ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಅದೇ ಗಾಳಿ ತಲೆಯ ಚರ್ಮದ ತೇವವನ್ನೂ ಹೀರುತ್ತದೆಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಎರಡನೆಯ ಕಾರಣ ನೀರು. ಕೊಳವೆಬಾವಿಗಳ ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಲವಣಗಳು ಬೆರೆತಿದ್ದರೆ ಆ ನೀರು ಗಡಸಾಗುತ್ತದೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಯಾವ ನೀರಿನಲ್ಲಿ ಬೇಳೆ ಬೇಗ ಬೇಯದೋ, ಯಾವ ನೀರು ಕಾಯಿಸಿದ ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವುದೋ, ಯಾವ ನೀರಿನಲ್ಲಿ ಸಾಬೂನು ನೊರೆಗಟ್ಟದೋ ಅದು ಗಡಸು ನೀರು. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನವು ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕೆಂದೂ, ಬೇರೆ ನೀರು ದೊರೆಯದಲ್ಲಿ 600ರವರೆಗೆ ಸಹಿಸಬಹುದೆಂದೂ ಹೇಳಿದೆ. ಗಡಸು ನೀರಿನಲ್ಲಿ ಸಾಬೂನು ಹಚ್ಚಿ ತಲೆ ತೊಳೆದರೆ, ಸಾಬೂನೂ ಸುಣ್ಣವೂ ಕೂಡಿ ನೀರಿನಲ್ಲಿ ಕರಗದ ಒಂದು ಜಿಗುಟಾದ ಕರೆಯಾಗಿ ಕೂದಲಿಗೆ ಅಂಟುತ್ತದೆ. ತಲೆ ತೊಳೆದ ಮೇಲೂ ಕೂದಲು ಜೋಳದ ರವದಿಯಂತೆ ಒರಟಾಗಿರುವುದು ಇದರಿಂದ.

ಮೂರನೆಯದು ಸಾಬೂನೇ. ಸಾಬೂನು ಕ್ಷಾರ, ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ. ಕ್ಷಾರ ತಗುಲಿದೊಡನೆ ಕೂದಲಿನ ಹಲ್ಲೆಗಳು ಅರಳಿ ನಿಲ್ಲುತ್ತವೆ, ಚರ್ಮದ ಜಿಡ್ಡು ಕೊಚ್ಚಿಹೋಗುತ್ತದೆ. ಮೈಸಾಬೂನಿಗಿಂತ ಬಟ್ಟೆ ಒಗೆಯುವ ಸಾಬೂನು ಇನ್ನೂ ತೀಕ್ಷ್ಣ. ಇಷ್ಟಲಿಂಗ ಪೂಜೆಗೆ ಮುನ್ನ ನಿತ್ಯವೂ ಸ್ನಾನ ಮಾಡುವ ನಿಷ್ಠೆ ನಮ್ಮವರಲ್ಲಿದೆ. ಅದು ಶ್ಲಾಘ್ಯ. ಆದರೆ ನಿತ್ಯಸ್ನಾನಕ್ಕೆ ನೀರು ಸಾಕು. ತಲೆಗೆ ನಿತ್ಯವೂ ಸಾಬೂನು ಬೇಕಾಗಿಲ್ಲ. ಶುಚಿತ್ವಕ್ಕೂ ನೊರೆಗೂ ನಂಟು ಕಲ್ಪಿಸಿದುದು ವ್ಯಾಪಾರವೇ ಹೊರತು ಶಾಸ್ತ್ರವಲ್ಲ.

ನಾಲ್ಕನೆಯದು ಸುಡುನೀರು. ಹಂಡೆಯಲ್ಲಿ ಕುದಿಬಂದ ನೀರನ್ನು ತಲೆಗೆ ಸುರಿದುಕೊಂಡು ಸುಖಿಸುವ ಅಭ್ಯಾಸ ನಮ್ಮಲ್ಲಿ ಬಹಳ. ವಾಗ್ಭಟನು ತನ್ನ ‘ಅಷ್ಟಾಂಗಹೃದಯ’ದ ದಿನಚರ್ಯಾಧ್ಯಾಯದಲ್ಲಿ ಬಿಸಿನೀರು ಕುತ್ತಿಗೆಯ ಕೆಳಗಿನ ಶರೀರಕ್ಕೆ ಬಲಕರವೆಂದೂ, ಅದೇ ನೀರು ತಲೆಗೆ ಬಿದ್ದರೆ ಕೂದಲಿಗೂ ಕಣ್ಣಿಗೂ ಅಹಿತವೆಂದೂ ಎಚ್ಚರಿಸಿದ್ದಾನೆ. ಸುಡುನೀರು ಚರ್ಮದ ಜಿಡ್ಡನ್ನು ಕಳೆದು ಒಣಗಿಸುತ್ತದೆಂದು ಇಂದಿನ ಚರ್ಮವೈದ್ಯರೂ ಹೇಳುತ್ತಾರೆ. ಮೈಗೆ ಬಿಸಿನೀರು, ತಲೆಗೆ ಉಗುರು ಬೆಚ್ಚಗಿನ ನೀರು ಎಂಬುದು ಎರಡೂ ಕಾಲದವರು ಒಪ್ಪುವ ಮಾತು.

ಎಣ್ಣೆಯ ಗುಣ, ಎಣ್ಣೆಯ ಮಿತಿ

ತಲೆಗೆ ಎಣ್ಣೆಯಿಡುವುದನ್ನು ಚರಕಸಂಹಿತೆಯ ಸೂತ್ರಸ್ಥಾನವು ದಿನಚರಿಯ ಅಂಗವಾಗಿ ವಿಧಿಸಿದೆ. ಈ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಸ್ನಾನಭೋಗವನ್ನು ಹೇಳುವಾಗ, ಹೂಗಳಿಂದ ಪರಿಮಳಗೊಳಿಸಿದ ಎಳ್ಳೆಣ್ಣೆಯ ಅಭ್ಯಂಗವನ್ನು ವಿವರಿಸಿದ್ದಾನೆ. ಅರಸನಿಗೆ ದಿನನಿತ್ಯದ್ದಾದ ಅಭ್ಯಂಗ ಬಡವನಿಗೆ ಯುಗಾದಿ, ದೀಪಾವಳಿಗಳ ಭಾಗ್ಯವಾಯಿತು. ಆದರೂ ಹಬ್ಬದ ನೆವದಿಂದಲಾದರೂ ಎಲ್ಲರ ತಲೆಗೆ ಎಣ್ಣೆ ಬೀಳಲೆಂಬ ಹಿರಿಯರ ಯೋಜನೆ ಹಿರಿದಾದುದೇ. ಶರಣರ ಮೇಳದಲ್ಲಿ ಗಾಣದ ಕಣ್ಣಪ್ಪನಂಥವರ ಹೆಸರಿರುವುದನ್ನು ನೆನೆದರೆ, ಎಣ್ಣೆ ತೆಗೆಯುವ ಕಾಯಕಕ್ಕೂ ನಮ್ಮಲ್ಲಿ ಗೌರವವಿತ್ತೆಂಬುದು ತಿಳಿಯುತ್ತದೆ.

ಎಣ್ಣೆಯು ಏನು ಮಾಡುತ್ತದೆ? ಅದು ಕೂದಲನ್ನು ಬೆಳೆಸುವುದಿಲ್ಲ. ಬೇರಿಗೆ ಆಹಾರ ಕೊಡುವುದು ರಕ್ತವೇ ಹೊರತು ಎಣ್ಣೆಯಲ್ಲ. ಎಣ್ಣೆ ಮಾಡುವ ಕೆಲಸ ಮೂರು: ಎದ್ದ ಹಲ್ಲೆಗಳನ್ನು ಮಲಗಿಸುವುದು, ತೇವ ಆರದಂತೆ ತಡೆಯುವುದು, ಹಣಿಗೆಯ ಘರ್ಷಣೆಯನ್ನು ತಗ್ಗಿಸುವುದು. ತೆಂಗಿನೆಣ್ಣೆಗೆ ಇನ್ನೊಂದು ವಿಶೇಷ ಗುಣವುಂಟು. 2003ರಲ್ಲಿ ನಮ್ಮ ದೇಶದ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತೊಳೆಯುವಾಗ ಕೂದಲಿನಿಂದ ಪ್ರೋಟೀನು ಸವೆದುಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದುದು ತೆಂಗಿನೆಣ್ಣೆಯೊಂದೇ ಎಂದು ಕಂಡುಬಂದಿತು. ಅದರಲ್ಲಿರುವ ಲಾರಿಕ್ ಆಮ್ಲದ ಅಣುಗಳು ಚಿಕ್ಕವೂ ನೀಳವೂ ಆಗಿರುವುದರಿಂದ ಕೂದಲಿನೊಳಗೆ ಇಳಿಯಬಲ್ಲವು. ಪರೀಕ್ಷೆ ನಡೆಸಿದವರು ತೆಂಗಿನೆಣ್ಣೆ ಮಾರುವ ಸಂಸ್ಥೆಗೆ ಸೇರಿದವರೆಂಬುದನ್ನೂ ಓದುಗರು ಗಮನದಲ್ಲಿಡಬೇಕು. ಅಂಗಡಿಯ ಸುಗಂಧ ತೈಲಗಳಲ್ಲಿ ಅನೇಕವು ಖನಿಜ ತೈಲದಿಂದ ಮಾಡಿದವು; ಅವು ಮೇಲ್ಮೈಗೆ ನುಣುಪು ಕೊಡುತ್ತವೆ, ಒಳಗಿಳಿಯುವುದಿಲ್ಲ.

ನಮ್ಮ ಕಡೆ ಔಡಲೆಣ್ಣೆ, ಕುಸುಬೆ ಎಣ್ಣೆಗಳ ಬಳಕೆ ಹಳೆಯದು. ಔಡಲೆಣ್ಣೆ ಬಹಳ ಮಂದ. ಅದನ್ನೊಂದನ್ನೇ ಸುರಿದರೆ ಕೂದಲು ಗಂಟುಬಿದ್ದು, ತೊಳೆಯಲು ಹೆಚ್ಚು ಸಾಬೂನು ಬೇಕಾಗಿ, ಬಂದ ಲಾಭ ಹೋದಂತಾಗುತ್ತದೆ. ಮೂರು ಪಾಲು ತೆಂಗಿನ ಅಥವಾ ಕುಸುಬೆ ಎಣ್ಣೆಗೆ ಒಂದು ಪಾಲು ಔಡಲೆಣ್ಣೆ ಬೆರೆಸಿಕೊಂಡರೆ ಹದವಾಗುತ್ತದೆ.

ಹಚ್ಚುವ ಕ್ರಮವೂ ಮುಖ್ಯ. ತಲೆ ಎರೆದುಕೊಳ್ಳುವ ಹಿಂದಿನ ರಾತ್ರಿ, ಇಲ್ಲವೇ ಒಂದೆರಡು ಗಂಟೆ ಮೊದಲು, ಎರಡು ಸಣ್ಣ ಚಮಚೆಯಷ್ಟು ಎಣ್ಣೆಯನ್ನು ಅಂಗೈಯಲ್ಲಿ ತೆಗೆದುಕೊಂಡು ಬೆರಳಿನ ತುದಿಯಿಂದ ಮೆಲ್ಲಗೆ ತಿಕ್ಕಬೇಕು, ಉಗುರು ತಾಗಬಾರದು. ಉಳಿದುದನ್ನು ಕೂದಲಿನ ತುದಿಗಳಿಗೆ ಸವರಬೇಕು. ಹೀಗೆ ತಲೆಯನ್ನು ಒತ್ತಿ ನೀವುವುದಕ್ಕೆ ಹಿಂದಿಯಲ್ಲಿ ‘ಚಾಂಪೊ’ ಎನ್ನುವರು. 19ನೆಯ ಶತಮಾನದ ಆರಂಭದಲ್ಲಿ ಪಾಟ್ನಾದ ಕಡೆಯಿಂದ ಹೋದ ಶೇಖ್ ದೀನ್ ಮಹಮ್ಮದ್ ಎಂಬುವನು ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಸ್ನಾನಗೃಹವೊಂದನ್ನು ತೆರೆದು ಈ ಅಂಗಮರ್ದನವನ್ನು ಅಲ್ಲಿಯವರಿಗೆ ಪರಿಚಯಿಸಿದನು. ಅದೇ ಶಬ್ದ ಅರ್ಥ ಬದಲಿಸಿಕೊಂಡು ‘ಶಾಂಪೂ’ ಎಂಬ ಹೆಸರಿನಲ್ಲಿ ಪೊಟ್ಟಣವಾಗಿ ನಮ್ಮ ಅಂಗಡಿಗೇ ಮರಳಿ ಬಂದಿದೆ!

ತಲೆ ತೊಳೆಯುವ ಬಗೆ

ಸೀಗೆಕಾಯಿ ಮತ್ತು ಅಂಟುವಾಳಗಳಲ್ಲಿ ನೊರೆ ಬರಿಸುವ ಸಪೊನಿನ್ ಎಂಬ ಪದಾರ್ಥವಿದೆ. ಅದು ಗಡಸು ನೀರಿನಲ್ಲಿಯೂ ಸಾಬೂನಿನಂತೆ ಕರೆಗಟ್ಟುವುದಿಲ್ಲ. ಇದೇ ಅವುಗಳ ಹಿರಿಮೆ. ಸೀಗೆಪುಡಿಯನ್ನು ನುಣ್ಣಗೆ ಸೋಸಿ, ತೆಳ್ಳಗೆ ಕಲಸಿ, ಕಣ್ಣಿಗೆ ಬೀಳದಂತೆ ಬಳಸಬೇಕು. ತರಿತರಿಯಾದ ಪುಡಿಯನ್ನು ತಿಕ್ಕಿದರೆ ಕೂದಲಿನ ಮೇಲ್ಮೈ ಸವೆಯುತ್ತದೆ. ಮಿತಿಮೀರಿ ಬಳಸಿದರೆ ಸೀಗೆಯೂ ತಲೆಯನ್ನು ಒಣಗಿಸುತ್ತದೆ. ದಾಸವಾಳದ ಎಲೆಯ ಲೋಳೆ ಅಥವಾ ರಾತ್ರಿ ನೆನೆಯಿಟ್ಟು ಅರೆದ ಮೆಂತ್ಯವನ್ನು ಅದಕ್ಕೆ ಬೆರೆಸಿದರೆ ಕೂದಲು ಜಾರುನುಣುಪಾಗಿ ಸಿಕ್ಕು ಸುಲಭವಾಗಿ ಬಿಡುತ್ತದೆ. ಶಾಂಪೂ ಬಳಸುವವರು ಅದನ್ನು ತೀರ ನಿಷಿದ್ಧವೆಂದು ತಿಳಿಯಬೇಕಾಗಿಲ್ಲ. ಗಡಸು ನೀರಿನಲ್ಲಿ ಅದು ಸಾಬೂನಿಗಿಂತ ಮೇಲು. ನೀರಿನಲ್ಲಿ ತೆಳ್ಳಗೆ ಮಾಡಿ ತಲೆಯ ಚರ್ಮಕ್ಕೆ ಮಾತ್ರ ಹಚ್ಚಬೇಕು. ಇಳಿಯುವ ನೊರೆಯಿಂದಲೇ ತುದಿಗಳು ಶುಚಿಯಾಗುತ್ತವೆ.

ಒಣತಲೆಯವರಿಗೆ ವಾರಕ್ಕೊಮ್ಮೆ ಅಥವಾ ಎರಡು ಬಾರಿ ತಲೆ ಎರೆದುಕೊಂಡರೆ ಸಾಕು. ನೀರು ಗಡಸಾಗಿದ್ದರೆ ಕೊನೆಯಲ್ಲಿ ಒಂದು ದೊಡ್ಡ ತಂಬಿಗೆ ನೀರಿಗೆ ಅರ್ಧ ಲಿಂಬೆಹಣ್ಣಿನ ರಸ ಹಿಂಡಿ ಕೂದಲ ಮೇಲೆ ಸುರಿದು, ಬಳಿಕ ಬರಿಯ ನೀರಿನಿಂದ ತೊಳೆಯಬೇಕು. ತಲೆಯಲ್ಲಿ ಹುಣ್ಣು, ಗೀರು ಇದ್ದರೆ ಲಿಂಬೆ ಕೂಡದು. ಒದ್ದೆಗೂದಲು ದುರ್ಬಲ, ಎಳೆದರೆ ಹಿಗ್ಗಿ ಹರಿಯುತ್ತದೆ. ಅದನ್ನು ಟವೆಲಿನಿಂದ ಝಾಡಿಸದೆ ಒತ್ತಿ ಒರೆಸಿ, ನೆರಳಿನಲ್ಲಿ ಆರಿಸಿ, ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿಯ ಸಿಕ್ಕನ್ನು ಬಿಡಿಸಿಕೊಂಡು ಕ್ರಮೇಣ ಬುಡದ ಕಡೆಗೆ ಸಾಗಬೇಕು. ಹೆಣ್ಣುಮಕ್ಕಳ ಜಡೆಯನ್ನು ಹಣೆಯ ಚರ್ಮ ಸೆಳೆಯುವಷ್ಟು ಬಿಗಿಯಾಗಿ ಹೆಣೆಯುವ ಪದ್ಧತಿಯನ್ನು ಬಿಡಬೇಕು. ನಿತ್ಯದ ಸೆಳೆತದಿಂದ ಹಣೆಯಂಚಿನ ಕೂದಲು ಉದುರುತ್ತ ಹೋಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ; ಹಣಿಗೆಯಲ್ಲಿ ನಾಲ್ಕು ಎಳೆ ಕಂಡು ಗಾಬರಿಪಡಬೇಕಾಗಿಲ್ಲ.

ಎಣ್ಣೆಯಿಂದ ವಾಸಿಯಾಗದ ರೂಕ್ಷತೆ

ತಲೆಯಲ್ಲಿ ಬಿಳಿಯ ಹೊಟ್ಟು ಕಂಡೊಡನೆ ಒಣಗಿದೆಯೆಂದು ಎಣ್ಣೆ ಸುರಿಯುವುದು ಸರ್ವತ್ರ ಸರಿಯಲ್ಲ. ಪ್ರಾಚೀನರೂ ಸಾಮಾನ್ಯ ರೂಕ್ಷತೆಯನ್ನೂ, ತಲೆ ತುರಿಸಿ ಒರಟಾಗಿ ಬಿರಿಯುವ ‘ದಾರುಣಕ’ವೆಂಬ ರೋಗವನ್ನೂ ಬೇರೆಬೇರೆಯೆಂದೇ ಎಣಿಸಿದ್ದರು. ಇಂದಿನ ತಿಳಿವಳಿಕೆಯಂತೆ ಈ ಭೇದಗಳನ್ನು ಹೀಗೆ ಗುರುತಿಸಬಹುದು.

ಹೊಟ್ಟು ಸಣ್ಣದಾಗಿ ಪುಡಿಪುಡಿಯಾಗಿದ್ದು, ಕೈಕಾಲುಗಳ ಚರ್ಮವೂ ಒಣಗಿದ್ದು, ಚಳಿಗಾಲದಲ್ಲಿ ಹೆಚ್ಚಾಗಿ ಮಳೆಗಾಲದಲ್ಲಿ ಇಳಿದರೆ ಅದು ಬರಿಯ ಒಣಚರ್ಮ. ಎಣ್ಣೆ, ಬೆಚ್ಚನೆಯ ನೀರು, ಸಾಬೂನಿನ ಮಿತಿ ಇವುಗಳಿಂದ ಶಮನವಾಗುತ್ತದೆ.

ಹೊಟ್ಟು ದಪ್ಪವಾಗಿ, ಹಳದಿಯ ಛಾಯೆಯಿಂದ ಜಿಡ್ಡುಜಿಡ್ಡಾಗಿದ್ದು, ತುರಿಕೆಯಿದ್ದು, ಹುಬ್ಬು ಹಾಗೂ ಮೂಗಿನ ಪಕ್ಕದಲ್ಲಿಯೂ ಕಂಡರೆ ಅದು ನಿಜವಾದ ತಲೆಹೊಟ್ಟು. ಮಲಸೇಜಿಯ ಎಂಬ ಸೂಕ್ಷ್ಮ ಶಿಲೀಂಧ್ರವು ಚರ್ಮದ ಜಿಡ್ಡನ್ನುಂಡು ಬೆಳೆಯುವುದರಿಂದ ಇದು ಉಂಟಾಗುತ್ತದೆ. ಇಲ್ಲಿ ಎಣ್ಣೆ ಸುರಿದರೆ ಬೆಂಕಿಗೆ ಎಣ್ಣೆ ಸುರಿದಂತೆಯೇ. ವೈದ್ಯರ ಸಲಹೆಯಂತೆ ಕೀಟೊಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆ ಎರಡು ಬಾರಿ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯುವುದು ಸಾಮಾನ್ಯ ಚಿಕಿತ್ಸೆ.

ಮೂರನೆಯದನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ಚಿಕ್ಕ ಮಕ್ಕಳಲ್ಲಿ ಜಿಡ್ಡಿನ ಗ್ರಂಥಿಗಳು ಇನ್ನೂ ಮಲಗಿರುವುದರಿಂದ ನಿಜವಾದ ತಲೆಹೊಟ್ಟು ಅವರಲ್ಲಿ ಅಪರೂಪ. ಪ್ರಾಥಮಿಕ ಶಾಲೆಯ ಮಗುವಿನ ತಲೆಯಲ್ಲಿ ಹೊಟ್ಟೆದ್ದ ಮಚ್ಚೆ, ಆ ಜಾಗದಲ್ಲಿ ಮುರಿದ ಕೂದಲಿನ ಮೋಟುಗಳು ಕಂಡರೆ ಅದನ್ನು ಮೊದಲು ಹುಳುಕಡ್ಡಿಯೆಂದು ಶಂಕಿಸಬೇಕು. ಜನ ಇದನ್ನು ಗಜಕರ್ಣವೆಂದೂ ಕರೆಯುವರು. ಬೇರಿನೊಳಗೆ ಇಳಿದ ಈ ಶಿಲೀಂಧ್ರವನ್ನು ಎಣ್ಣೆಯಾಗಲಿ ಮುಲಾಮಾಗಲಿ ಕಿತ್ತುಹಾಕಲಾರದು; ವೈದ್ಯರು ಕೊಡುವ ಗ್ರೈಸಿಯೊಫಲ್ವಿನ್‌ನಂಥ ಮಾತ್ರೆಯನ್ನು ಆರರಿಂದ ಎಂಟು ವಾರ ಹೊಟ್ಟೆಗೆ ತೆಗೆದುಕೊಳ್ಳಬೇಕು. ಹಾಲಿನಂಥ ಜಿಡ್ಡಿನ ಆಹಾರದೊಡನೆ ತೆಗೆದುಕೊಂಡರೆ ಅದು ಚೆನ್ನಾಗಿ ಮೈಗೂಡುತ್ತದೆ. ಅಲಕ್ಷಿಸಿದರೆ ಕೀವುಗಟ್ಟಿ ಆ ಜಾಗ ಶಾಶ್ವತವಾಗಿ ಬೋಳಾಗಬಹುದು. ಹಣಿಗೆ, ಟವೆಲು, ಟೊಪ್ಪಿಗೆ, ತಲೆದಿಂಬುಗಳ ಮೂಲಕ ಇದು ಹರಡುತ್ತದೆ. ಆದರೆ ಚಿಕಿತ್ಸೆ ಆರಂಭಿಸಿದ ಮಗುವನ್ನು ತರಗತಿಯಿಂದ ಹೊರಗಿಡುವ ಅಗತ್ಯವಿಲ್ಲ. ಬೋಳಿಸಿ ಹಂಗಿಸುವುದಂತೂ ಸಲ್ಲದು.

ಹೇನು, ಸೀರುಗಳಿಗೆ ಒದ್ದೆಗೂದಲಿಗೆ ಎಣ್ಣೆ ಸವರಿ ಒತ್ತು ಹಲ್ಲಿನ ಹಣಿಗೆಯಿಂದ ತಾಳ್ಮೆಯಿಂದ ಬಾಚುವುದು, ಇಲ್ಲವೇ ಶೇಕಡಾ 1ರ ಪರ್ಮೆತ್ರಿನ್ ದ್ರವವನ್ನು ಹತ್ತು ನಿಮಿಷ ಹಚ್ಚಿ ತೊಳೆದು, ಏಳರಿಂದ ಹತ್ತು ದಿನಗಳ ಬಳಿಕ ಮತ್ತೊಮ್ಮೆ ಹಚ್ಚುವುದು ಸರಿಯಾದ ದಾರಿ. ಸೀಮೆಎಣ್ಣೆಯನ್ನಾಗಲಿ ಹೊಲಕ್ಕೆ ತಂದ ಕೀಟನಾಶಕವನ್ನಾಗಲಿ ಮಕ್ಕಳ ತಲೆಗೆ ಎಂದೂ ಹಚ್ಚಕೂಡದು. ಒಂದು ಬೆಂಕಿಗೆ ಆಹ್ವಾನ. ಇನ್ನೊಂದು ಚರ್ಮದ ಮೂಲಕ ರಕ್ತಕ್ಕಿಳಿಯುವ ವಿಷ. ದೊಡ್ಡವರಲ್ಲಿ ಕೂದಲು ಒರಟಾಗುವುದರ ಜೊತೆಗೆ ಮೈ ಭಾರ, ಚಳಿ, ಆಯಾಸ, ಮಲಬದ್ಧತೆಗಳಿದ್ದರೆ ಥೈರಾಯಿಡ್ ಗ್ರಂಥಿಯ ಕೊರತೆಯಿರಬಹುದು, ರಕ್ತಪರೀಕ್ಷೆ ಮಾಡಿಸಬೇಕು.

ಹೊಟ್ಟೆಗೆ ಹಿಟ್ಟು, ಜುಟ್ಟಿಗೆ ಮಲ್ಲಿಗೆ

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂಬ ಗಾದೆಯನ್ನು ನಾವು ಆಡಂಬರದ ಹೀಯಾಳಿಕೆಗೆ ಬಳಸುತ್ತೇವೆ. ಅದರಲ್ಲಿ ವೈದ್ಯಸತ್ಯವೂ ಅಡಗಿದೆ. ಕೂದಲು ಪ್ರೋಟೀನಿನಿಂದಾದುದು. ಆಹಾರದಲ್ಲಿ ಪ್ರೋಟೀನು ಕಡಿಮೆಯಾದಾಗ ಶರೀರವು ಹೃದಯ, ಮಿದುಳುಗಳನ್ನು ಉಳಿಸಿಕೊಂಡು, ಕೂದಲಿನ ಪಾಲನ್ನು ಮೊದಲು ಕಡಿತಗೊಳಿಸುತ್ತದೆ. ಆಗ ಕೂದಲು ತೆಳ್ಳಗಾಗಿ, ಒಣಗಿ, ಕಪ್ಪುಬಣ್ಣ ಕಳೆದುಕೊಂಡು ಕೆಂಚಗಾಗುತ್ತದೆ. ಮೆಲ್ಲಗೆ ಎಳೆದರೂ ಕೈಗೆ ಬರುತ್ತದೆ. ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದಲ್ಲಿ ಸೇವೆ ಸಲ್ಲಿಸುತ್ತಿದ್ದ ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1930ರ ದಶಕದಲ್ಲಿ ಇಂಥ ಮಕ್ಕಳ ರೋಗವನ್ನು ವರ್ಣಿಸಿ, ಅಲ್ಲಿಯ ಜನರದೇ ಮಾತಾದ ‘ಕ್ವಾಷಿಯೋರ್ಕರ್’ ಎಂಬ ಹೆಸರನ್ನು 1935ರಲ್ಲಿ ವೈದ್ಯಲೋಕಕ್ಕೆ ಪರಿಚಯಿಸಿದರು. ತಂಗಿಯೋ ತಮ್ಮನೋ ಹುಟ್ಟಿದಾಗ ತಾಯಹಾಲು ತಪ್ಪಿದ ಹಿರಿಯ ಮಗುವಿಗೆ ಬರುವ ಬೇನೆ ಎಂದು ಆ ಮಾತಿನ ಭಾವ. ಅಂಥ ಮಗುವಿನಲ್ಲಿ ಉಂಡ ದಿನಗಳ ಕೂದಲು ಕಪ್ಪಾಗಿಯೂ ಉಪವಾಸದ ದಿನಗಳ ಕೂದಲು ಮಾಸಲಾಗಿಯೂ ಬೆಳೆದು, ಒಂದೇ ಎಳೆಯಲ್ಲಿ ಪಟ್ಟೆಪಟ್ಟೆಯಾಗಿ ಕಾಣುವುದುಂಟು. ಮಗುವಿನ ಹಸಿವಿನ ಲೆಕ್ಕವನ್ನು ಅದರ ಕೂದಲೇ ಬರೆದಿಡುತ್ತದೆಂದರೆ ಇದಕ್ಕಿಂತ ಮನಕರಗಿಸುವ ಬರಹ ಇನ್ನಾವುದು?

ಅಷ್ಟು ಉಗ್ರವಾದ ರೋಗ ನಮ್ಮ ಶಾಲೆಗಳಲ್ಲಿ ನಿತ್ಯ ಕಾಣುವಂಥದಲ್ಲ. ಆದರೆ ಅದರ ನೆರಳು, ಎಂದರೆ ಪ್ರೋಟೀನು ಮತ್ತು ಕಬ್ಬಿಣಾಂಶದ ಕೊರತೆ, ಅಪರೂಪವಲ್ಲ. ಕೆಳರೆಪ್ಪೆಯ ಒಳಬದಿ ಬಿಳಿಚಿದ್ದು, ಮಗು ಬೇಗ ದಣಿಯುತ್ತಿದ್ದು, ಕೂದಲು ಒಣಗಿ ಉದುರುತ್ತಿದ್ದರೆ ರಕ್ತಹೀನತೆಯ ಶಂಕೆ ಸಹಜ. ಅದಕ್ಕೆ ಮದ್ದು ಎಣ್ಣೆಯ ಬಾಟಲಿಯಲ್ಲಿಲ್ಲ, ಅಡುಗೆಮನೆಯಲ್ಲಿದೆ. ನೂರು ಗ್ರಾಮ್ ಶೇಂಗಾದಲ್ಲಿ ಸುಮಾರು 25 ಗ್ರಾಮ್ ಪ್ರೋಟೀನಿದೆ. ಜೋಳದ ರೊಟ್ಟಿಯೊಡನೆ ಶೇಂಗಾ, ಗುರೆಳ್ಳು, ಅಗಸೆಗಳ ಚಟ್ನಿಪುಡಿ, ಮೊಳಕೆ ಬರಿಸಿದ ಹೆಸರುಕಾಳು, ಬೇಳೆ, ಮೊಸರು, ನುಗ್ಗೆ ಮತ್ತು ರಾಜಗಿರಿ ಸೊಪ್ಪು ಇವೆಲ್ಲ ನಮ್ಮ ನೆಲದ ಆಹಾರಗಳೇ. ಸೊಪ್ಪಿನ ಪಲ್ಯಕ್ಕೆ ಲಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಉಂಡೊಡನೆ ಚಹ ಕುಡಿದರೆ ಅದು ವ್ಯರ್ಥವಾಗುತ್ತದೆ. ರಾಜ್ಯ ಸರಕಾರವು 2013ರಲ್ಲಿ ‘ಕ್ಷೀರಭಾಗ್ಯ’ ಯೋಜನೆಯಿಂದ ಶಾಲಾ ಮಕ್ಕಳಿಗೆ ಹಾಲು ಕೊಡಲಾರಂಭಿಸಿದುದು ಈ ದೃಷ್ಟಿಯಿಂದ ಬಲು ಉಪಯುಕ್ತವಾದ ಕಾರ್ಯ.

ಶಾಲೆಯೂ ಪ್ರಸಾದ ನಿಲಯವೂ ಮಾಡಬಹುದಾದುದು

ಈ ವಿಚಾರಗಳನ್ನು ಆಚರಣೆಗೆ ತರಲು ದೊಡ್ಡ ಹಣ ಬೇಕಾಗಿಲ್ಲ. ನೂರು ಮಕ್ಕಳಿರುವ ಪ್ರಸಾದ ನಿಲಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಮಗುವಿಗೆ ಒಂದು ಸಲಕ್ಕೆ 10 ಮಿಲಿಲೀಟರ್ ಎಣ್ಣೆಯಂತೆ ವಾರಕ್ಕೆ ಎರಡು ಸಲ ಕೊಟ್ಟರೆ ವಾರಕ್ಕೆ 2 ಲೀಟರ್, 40 ವಾರಗಳ ಶಾಲಾ ವರ್ಷಕ್ಕೆ 80 ಲೀಟರ್ ಎಣ್ಣೆ ಸಾಕು. ಕೂದಲನ್ನು ಗಿಡ್ಡಾಗಿ ಕತ್ತರಿಸಿದ ಹುಡುಗರಿಗೆ ಇದರ ಅರ್ಧವೂ ಹೆಚ್ಚೇ. ದಾನಿಗಳಲ್ಲಿ ಒಬ್ಬಿಬ್ಬರು ಮನಸ್ಸು ಮಾಡಿದರೆ ವರ್ಷವಿಡೀ ನೂರು ತಲೆಗಳ ಚಿಂತೆ ಹರಿಯುತ್ತದೆ.

ನೀರಿಗೆ ಉಪಾಯ ಮಳೆ. ಮಳೆಯ ನೀರು ಮೃದು, ಅದರಲ್ಲಿ ಸುಣ್ಣವಿಲ್ಲ. 100 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು ಇಳಿಯುತ್ತದೆ. ಮೊದಲ ಮಳೆಯ ಕೊಳೆನೀರು, ಆವಿ, ಸೋರಿಕೆಗಳಿಗೆ ಐದರಲ್ಲೊಂದು ಪಾಲು ಕಳೆದರೂ 8,000 ಲೀಟರ್ ಉಳಿಯುತ್ತದೆ. ತಲೆ ತೊಳೆಯುವ ಕೊನೆಯ ನೀರನ್ನಷ್ಟೇ ಮಗುವಿಗೆ 5 ಲೀಟರಿನಂತೆ ವಾರಕ್ಕೊಮ್ಮೆ ಕೊಟ್ಟರೆ ನೂರು ಮಕ್ಕಳಿಗೆ 500 ಲೀಟರ್ ಬೇಕು. ತೊಟ್ಟಿಯ ನೀರು 16 ವಾರ ಬರುತ್ತದೆ. ಮುಚ್ಚಿದ ಒಂದು ತೊಟ್ಟಿ, ಒಂದು ಸೋಸುಕ, ಮಾಡಿನಂಚಿಗೆ ದೋಣಿಗೊಳವೆ ಇಷ್ಟೇ ಸಾಮಗ್ರಿ. ಹಳೆಯ ವಿದ್ಯಾರ್ಥಿಗಳು ತಮ್ಮ ಹಿರಿಯರ ನೆನಪಿಗೆ ಇಂಥದೊಂದನ್ನು ಕಟ್ಟಿಸಿಕೊಟ್ಟರೆ ಅದೂ ದಾಸೋಹವೇ.

ಪ್ರತಿ ಮಗುವಿಗೂ ಸ್ವಂತದ ಒಂದು ಹಣಿಗೆ, ಒಂದು ಟವೆಲು ಇರಬೇಕು. ಬಟ್ಟೆಯ ಸಾಬೂನು ತಲೆಗೆ ಹೋಗದಂತೆ ಸ್ನಾನದ ಮನೆಯಲ್ಲಿ ಸೀಗೆಪುಡಿಯನ್ನೋ ಶಾಂಪೂವನ್ನೋ ಒದಗಿಸಬೇಕು. ತಿಂಗಳಿಗೊಮ್ಮೆ ಶಿಕ್ಷಕರು ಮಕ್ಕಳ ತಲೆಯನ್ನು ಬೆಳಕಿನಲ್ಲಿ ನೋಡಬೇಕು. ಎಲ್ಲರೆದುರಿಗೆ ಸಾಲಿನಲ್ಲಲ್ಲ, ಒಬ್ಬೊಬ್ಬರನ್ನಾಗಿ ಕರೆದು, ತಾಯಿ ನೋಡುವಂತೆ. ಮಚ್ಚೆಯಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಕೂದಲು ಕೆಂಚಗಾಗಿ ತೆಳ್ಳಗಾದ ಮಗುವನ್ನು ಕಂಡರೆ, “ಎಣ್ಣೆ ಏಕೆ ಹಚ್ಚಿಲ್ಲ?” ಎಂದು ಕೇಳುವ ಬದಲು, “ಮುಂಜಾನೆ ಏನು ಉಂಡೆ, ಮಗು?” ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳ ನಡುವಣ ಅಂತರವೇ ರೂಕ್ಷಕ್ಕೂ ಸ್ನೇಹಕ್ಕೂ ಇರುವ ಅಂತರ.

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದ ಪರಂಪರೆ ಶ್ರೀಮಠಗಳದು. ಅನ್ನವು ಸರಿಯಾಗಿ ಸಂದಲ್ಲಿ ಕೂದಲು ಒಳಗಿನಿಂದ ಬಲಗೊಳ್ಳುತ್ತದೆ. ಆಶ್ರಯದಲ್ಲಿ ಒಳ್ಳೆಯ ನೀರೂ ಒಂದು ಚಮಚೆ ಎಣ್ಣೆಯೂ ದೊರೆತಲ್ಲಿ ಹೊರಗಿನಿಂದ ರಕ್ಷಣೆ ಪಡೆಯುತ್ತದೆ. ಅಕ್ಷರವು ತಲೆಯೊಳಗಿನ ಅಜ್ಞಾನವನ್ನು ಕಳೆಯುತ್ತದೆ. ತಲೆಯ ಒಳಗನ್ನು ಬೆಳಗುವ ಗುರುಗಳು ಅದರ ಹೊರಗನ್ನೂ ಮಮತೆಯಿಂದ ನೋಡಲೆಂದು ಪ್ರಾರ್ಥಿಸುತ್ತೇನೆ.